ಅತಂತ್ರ ಲೋಕಸಭೆ: ಸರ್ಕಾರ ನಿಲ್ಲುತ್ತದೆಯೇ ಎಂದು ಲೆಕ್ಕ ಹಾಕುವುದು ಹೇಗೆ?

ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ ಮೊದಲು ಅಂಚೆ ಮತಗಳ ಎಣಿಕೆ ಆರಂಭವಾಗುವುದರಿಂದ, ಬೆಳಗಿನ ಮುನ್ನಡೆಗಳನ್ನು ನೆಚ್ಚಿ ಯಾರ ಸರ್ಕಾರ ಎಂದು ನಿರ್ಧರಿಸಬೇಡಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಗೆಲುವಿನ ಅಂಕಣ ತುಂಬುವವರೆಗೂ ಕಾಯಿರಿ.

543 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ 272 ಬೇಕು. ಯಾವ ಪಕ್ಷವೂ ಈ ಸಂಖ್ಯೆಯನ್ನು ಮುಟ್ಟದಿದ್ದರೆ ದೊಡ್ಡ ಪಕ್ಷದ ಬಲ, ಅದರ ಮೈತ್ರಿಕೂಟದ ಬಲ, ಪ್ರತಿ ಮಿತ್ರಪಕ್ಷದ ಬಲ ಮೂರನ್ನೂ ಬೇರೆ ಬೇರೆ ಬರೆದುಕೊಂಡು, ಯಾರು ಹೊರನಡೆದರೆ ಮೊತ್ತ 272ಕ್ಕಿಂತ ಕೆಳಗಿಳಿಯುತ್ತದೆ ಎಂದು ಕಳೆದು ನೋಡಿ. 2024ರಲ್ಲಿ ಬಿಜೆಪಿ 240 ಸ್ಥಾನ ಗೆದ್ದಿತು, ಅದರ ಮೈತ್ರಿಕೂಟವಾದ ಎನ್‌ಡಿಎ ಒಟ್ಟು 293ಕ್ಕೆ ತಲುಪಿತು. ತೆಲುಗು ದೇಶಂನ 16 ಸ್ಥಾನ ಕಳೆದರೆ 277, ಜೆಡಿಯುನ 12 ಕಳೆದರೆ 281 ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಕಳೆದಾಗ ಮಾತ್ರ ಅದು 265ಕ್ಕೆ ಕುಸಿಯುತ್ತದೆ. ಖಾತೆ ಹಂಚಿಕೆಯ ಸುದ್ದಿಗಳನ್ನು ಓದುವ ಮುನ್ನ ಈ ಕಳೆಯುವ ಲೆಕ್ಕ ಕೈಯಲ್ಲಿರಲೇಬೇಕು.

ಮುಂದಿನ ಹೆಜ್ಜೆ ರಾಷ್ಟ್ರಪತಿ ಭವನದ್ದು. ಪ್ರಧಾನಿಯನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ ಎಂದು ಸಂವಿಧಾನದ 75ನೇ ವಿಧಿ ಹೇಳುತ್ತದೆಯೇ ಹೊರತು, ಅತಂತ್ರ ಸ್ಥಿತಿಯಲ್ಲಿ ಯಾರನ್ನು ಮೊದಲು ಕರೆಯಬೇಕೆಂದು ಹೇಳುವುದಿಲ್ಲ. 1996ರಲ್ಲಿ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅವರು ಅತಿ ದೊಡ್ಡ ಪಕ್ಷದ ನಾಯಕರಾಗಿದ್ದ ವಾಜಪೇಯಿ ಅವರನ್ನು ಕರೆದರು. ಆ ಸರ್ಕಾರ 13 ದಿನ ಮಾತ್ರ ಉಳಿಯಿತು. 1998ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಮಿತ್ರಪಕ್ಷಗಳ ಬೆಂಬಲ ಪತ್ರಗಳನ್ನು ಕೇಳಿದರು. ಆದ್ದರಿಂದ ನಾಯಕರ ಹೇಳಿಕೆಗಳಿಗಿಂತ ಯಾವ ಪಕ್ಷ ಪತ್ರ ಕೊಟ್ಟಿದೆ ಎಂಬುದನ್ನು ವಿಚಾರಿಸಿ.

ಪತ್ರ ಕೊಟ್ಟ ಪಕ್ಷ ಸಂಪುಟ ಸೇರುತ್ತದೆಯೋ, ಹೊರಗಿನಿಂದ ಬೆಂಬಲಿಸುತ್ತದೆಯೋ ಎಂಬುದೇ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಹೊರಗೆ ನಿಂತವರಿಗೆ ಸರ್ಕಾರದ ತಪ್ಪುಗಳ ಹೊಣೆ ಇರುವುದಿಲ್ಲ; ಕಳೆದುಕೊಳ್ಳಲು ಖಾತೆಗಳೂ ಇರುವುದಿಲ್ಲ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಅವರ ಜನತಾ ದಳಕ್ಕಿದ್ದದ್ದು 46 ಸ್ಥಾನ. ಅವರ ಮೈತ್ರಿಕೂಟವಾದ ಸಂಯುಕ್ತ ರಂಗದ ಪಕ್ಷಗಳೆಲ್ಲ ಕೂಡಿದರೂ ಬಹುಮತವಾಗದೆ, 140 ಸ್ಥಾನಗಳ ಕಾಂಗ್ರೆಸ್ಸಿನ ಬಾಹ್ಯ ಬೆಂಬಲವನ್ನೇ ಆ ಸರ್ಕಾರ ನಂಬಿಕೊಂಡಿತ್ತು. ಒಂದು ವರ್ಷ ತುಂಬುವ ಮೊದಲೇ ಕಾಂಗ್ರೆಸ್ ಬೆಂಬಲ ಹಿಂಪಡೆಯಿತು, 1997ರ ಏಪ್ರಿಲ್ 11ರಂದು ಗೌಡರು ವಿಶ್ವಾಸಮತ ಸೋತರು. ಅದೇ ರಂಗದ ಐ.ಕೆ. ಗುಜ್ರಾಲ್ ಅವರಿಗೆ ಅದೇ ಕಾಂಗ್ರೆಸ್ ಮತ್ತೆ ಬೆಂಬಲ ಕೊಟ್ಟಿತು. ಸರ್ಕಾರದ ಆಯುಷ್ಯ ಅದರೊಳಗಿಲ್ಲದವರ ಕೈಯಲ್ಲಿದ್ದರೆ ಆಗುವುದು ಹೀಗೆಯೇ.

ಸಂಪುಟ ಸೇರುವವರ ವಿಷಯದಲ್ಲಿ ಒಂದು ಮಿತಿಯನ್ನು ನೆನಪಿಡಿ: 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ಲೋಕಸಭೆಯ ಒಟ್ಟು ಬಲದ ಶೇ. 15ನ್ನು ಮೀರುವಂತಿಲ್ಲ.

ಕೊನೆಗೆ ವಿಶ್ವಾಸಮತದ ದಿನ 272ನ್ನೇ ಹಿಡಿದುಕೊಂಡು ಕೂರಬೇಡಿ, ಏಕೆಂದರೆ ಅಂದು ಬೇಕಾಗಿರುವುದು ಹಾಜರಿದ್ದು ಮತ ಹಾಕಿದವರ ಬಹುಮತ. 2008ರಲ್ಲಿ ಮನಮೋಹನ ಸಿಂಗ್ ಸರ್ಕಾರ 275–256ರಿಂದ ಗೆದ್ದಿತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಿಂದ, ಒಂದೇ ಮತದಿಂದ, ಬಿದ್ದಿತು. ಯಾವ ಪಕ್ಷ ವಿಪ್ (ಹೇಗೆ ಮತ ಹಾಕಬೇಕೆಂದು ತನ್ನ ಸದಸ್ಯರಿಗೆ ಪಕ್ಷ ಕೊಡುವ ಆದೇಶ) ಹೊರಡಿಸಿದೆ, ಯಾರು ಗೈರಾಗಲಿದ್ದಾರೆ ಎಂಬ ಎರಡು ಸಂಗತಿಗಳನ್ನು ಮತದಾನದ ಹಿಂದಿನ ಸಂಜೆಯೇ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.