ಎರೆ ಭೂಮಿಯ ಮಾವಿನ ಸಸಿಗೆ ತೊಗರಿ ಕಸದ ಹೊದಿಕೆ

ಕಲಬುರಗಿ, ಯಾದಗಿರಿ ಕಡೆಯ ಎರೆ ಹೊಲದಲ್ಲಿ ಮಾವಿನ ಸಸಿ ನೆಟ್ಟವರು ಫೆಬ್ರುವರಿ ಮುಗಿಯುವುದರೊಳಗೆ ಬುಡದ ಸುತ್ತಲಿನ ಮಣ್ಣನ್ನು ಎರಡು ಇಂಚು ಆಳಕ್ಕೆ ಕೆದರಿ ಸಡಿಲಗೊಳಿಸಿ, ನೀರುಣಿಸಿ, ಅದರ ಮೇಲೆ ತೊಗರಿ ರಾಶಿಯ ನಂತರ ಕಣದಲ್ಲಿ ಉಳಿಯುವ ಕಡ್ಡಿ ಕಸವನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಬೇಕು. ಕಾಂಡದ ಸುತ್ತ ಒಂದು ಗೇಣು ಜಾಗವನ್ನು ಮಾತ್ರ ಬರಿದಾಗಿ ಬಿಡಬೇಕು. (ಹೊಟ್ಟನ್ನು ದನಗಳಿಗೇ ಬಿಡಿ, ಅದನ್ನು ಬುಡಕ್ಕೆ ಸುರಿಯುವುದು ದುಬಾರಿ.) ಎರೆ ಮಣ್ಣು ಒಣಗಿದಂತೆಲ್ಲ ಕುಗ್ಗಿ ಬಿರಿಯುತ್ತದೆ, ಆ ಬಿರುಕುಗಳು ಎಳೆಯ ಬೇರುಗಳನ್ನು ಹರಿಯುವುದಲ್ಲದೆ ಕೆಳಗಿನ ತೇವವೂ ಅವುಗಳ ಮೂಲಕವೇ ಆರಿಹೋಗುತ್ತದೆ; ಸಡಿಲ ಮಣ್ಣು ಬಿರುಕಿನ ಬಾಯಿ ಮುಚ್ಚುತ್ತದೆ, ಮೇಲಿನ ಕಸ ಬಿಸಿಲನ್ನು ತಡೆಯುತ್ತದೆ. ಹೊದಿಕೆಯನ್ನು ಸರಿಸಿ, ಬೆರಳುದ್ದ ಕೆಳಗಿನ ಮಣ್ಣನ್ನು ಹಿಚುಕಿದಾಗ ಉಂಡೆಯಾಗಿ ನಿಂತರೆ ಅಂದು ನೀರು ಬೇಡ. ಪುಡಿಯಾದರೆ ಕಾಂಡಕ್ಕೆ ತಾಗದಂತೆ, ಎಲೆಗಳ ನೆರಳು ಬೀಳುವ ಅಂಚಿನಲ್ಲಿ ಸಂಜೆ ನೀರು ಬಿಡಿ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಗೆದ್ದಲಿನ ಕಾಟವಿದ್ದರೆ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಒಣ ಕಡ್ಡಿಯೇ ಅದಕ್ಕೆ ಆಹಾರ; ಕಾಂಡದ ಮೇಲೆ ಮಣ್ಣಿನ ಗೆರೆ ಏರಿರುವುದು ಕಂಡ ದಿನವೇ ಕಸವನ್ನೆಲ್ಲ ತೆಗೆಯಬೇಕು. ಎರೆಯಲ್ಲಿಯೂ ಮುಂಗಾರು ಹಿಡಿದ ಮೇಲೆ ಹೊದಿಕೆ ಇರಕೂಡದು, ಮೊದಲೇ ನೀರು ಬೇಗ ಇಂಗದ ಮಣ್ಣಿನಲ್ಲಿ ಬುಡ ಕೊಳೆಯುತ್ತದೆ. ಕಾಯಿ ಬಿಡುವ ದೊಡ್ಡ ಮರಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.