ಸ್ಯಾಪ್‌ನಲ್ಲಿ ಎರರ್ ಬಂತೇ? ಮೊದಲು ಮೆಸೇಜ್ ನಂಬರ್ ನೋಡಿ

ಕಂಪನಿಯ ಲೆಕ್ಕ, ಸ್ಟಾಕ್ ನೋಡಿಕೊಳ್ಳುವ ಸ್ಯಾಪ್ ಸಾಫ್ಟ್‌ವೇರ್‌ನಲ್ಲಿ ನಿನ್ನೆವರೆಗೂ ಸಲೀಸಾಗಿ ಪೋಸ್ಟ್ ಆಗುತ್ತಿದ್ದ ಎಂಟ್ರಿ ಇವತ್ತು ಕೆಂಪು ಮೆಸೇಜ್ ತೋರಿಸಿ ನಿಂತುಬಿಡುತ್ತದೆ. ‘ಸಿಸ್ಟಮ್ ವರ್ಕ್ ಆಗ್ತಿಲ್ಲ’ ಎಂಬ ಒಂದು ಸಾಲು ಐಟಿ ವಿಭಾಗಕ್ಕೆ ಹೋಗುತ್ತದೆ. ಅಷ್ಟರಿಂದ ಯಾರಿಗೆ ಏನು ತಿಳಿಯಬೇಕು? ಸುಳಿವು ಬಹುಪಾಲು ಆ ಮೆಸೇಜ್‌ನಲ್ಲೇ ಇರುತ್ತದೆ.

ಮೊದಲು ಮೆಸೇಜ್ ಮೇಲೆ ಡಬಲ್ ಕ್ಲಿಕ್ ಮಾಡಿ. ವಿವರದ ಜೊತೆಗೆ ಮೆಸೇಜ್ ನಂಬರ್ ಸಿಗುತ್ತದೆ. ಲಾಗಿನ್ ಭಾಷೆ ಬದಲಾದರೆ ವಾಕ್ಯ ಬದಲಾಗುತ್ತದೆ, ನಂಬರ್ ಬದಲಾಗುವುದಿಲ್ಲ. ಹುಡುಕಲು, ಇನ್ನೊಬ್ಬರಿಗೆ ಹೇಳಲು ಅದೇ ಆಧಾರ.

ಆಮೇಲೆ, ಇದು ನಿಜವಾಗಿಯೂ ಕಾನ್ಫಿಗರೇಶನ್ (ಸಿಸ್ಟಮ್ ಸೆಟ್ಟಿಂಗ್) ತಪ್ಪೇ ಎಂದು ಖಾತ್ರಿ ಮಾಡಿಕೊಳ್ಳಿ. ಪರ್ಮಿಶನ್ ಇಲ್ಲ ಎಂದು ಬಂದರೆ, ಅದೇ ಯೂಸರ್ ಲಾಗಿನ್‌ನಲ್ಲಿ ಕೂಡಲೇ ಎಸ್‌ಯು53 ತೆರೆಯಿರಿ (ಇಂಥವು ಸ್ಯಾಪ್‌ನ ಒಂದೊಂದು ಸ್ಕ್ರೀನ್ ತೆರೆಯುವ ಕೋಡ್‌ಗಳು). ಯಾವ ಪರ್ಮಿಶನ್ ಕೊರತೆ ಎಂದು ಅದು ತೋರಿಸುತ್ತದೆ. ತಿಂಗಳ ಮೊದಲ ದಿನಗಳಲ್ಲಾದರೆ ಪೀರಿಯಡ್ (ಎಂಟ್ರಿ ಹಾಕಲು ತೆರೆದಿರುವ ತಿಂಗಳು) ಮೇಲೇ ಅನುಮಾನ ಪಡಿ. ಮೆಸೇಜ್ ನಂಬರ್ ಎಂ7 053 ಬಂದಿದ್ದರೆ ಮೆಟೀರಿಯಲ್ ಪೀರಿಯಡ್ ಮುಂದಕ್ಕೆ ಹೋಗಿಲ್ಲ; ಅದನ್ನು ಮುಂದಿನ ತಿಂಗಳಿಗೆ ಒಯ್ಯುವ ಎಂಎಂಪಿವಿ ಓಡಿಸಬೇಕು. ಅಕೌಂಟ್ಸ್‌ನವರು ಓಬಿ52ರಲ್ಲಿ ತೆರೆಯುವ ಪೀರಿಯಡ್ ಬೇರೆ. ಒಂದನ್ನು ತೆರೆದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಈಗ ಅಸಲಿ ಕಾನ್ಫಿಗರೇಶನ್ ತಪ್ಪಿಗೆ ಬರೋಣ. ಸ್ಟೋರ್ಸ್‌ನಿಂದ ಕಾಸ್ಟ್ ಸೆಂಟರ್‌ಗೆ (ಖರ್ಚು ಹೊರುವ ವಿಭಾಗ) 201 ಮೂವ್‌ಮೆಂಟ್‌ನಲ್ಲಿ ಮಾಲು ಇಶ್ಯೂ ಮಾಡುವಾಗ ಎಂ8 147 ಬಂತು ಎಂದುಕೊಳ್ಳಿ. ‘ಐಎನ್‌ಟಿ ಜಿಬಿಬಿ 0001 ವಿಬಿಆರ್ 3000’ ಎಂಬುದಕ್ಕೆ ಅಕೌಂಟ್ ಸಿಗಲಿಲ್ಲ ಎನ್ನುತ್ತದೆ. ನೋಡಲು ಗೊಂದಲ, ಆದರೆ ಬಿಡಿಸಿ ಓದಿದರೆ ಸರಳ. ಐಎನ್‌ಟಿ ಎಂದರೆ ಚಾರ್ಟ್ ಆಫ್ ಅಕೌಂಟ್ಸ್, ಅಂದರೆ ಅಕೌಂಟ್‌ಗಳ ಪಟ್ಟಿ. ಜಿಬಿಬಿ ಟ್ರಾನ್ಸಾಕ್ಷನ್ ಕೀ, ಯಾವ ಬಗೆಯ ಪೋಸ್ಟಿಂಗ್ ಎನ್ನುವುದು. 0001 ವ್ಯಾಲ್ಯುಯೇಶನ್ ಗ್ರೂಪಿಂಗ್ ಕೋಡ್, ಒಂದೇ ಅಕೌಂಟ್ ಬಳಸುವ ಪ್ಲಾಂಟ್‌ಗಳ ಗುಂಪು. ವಿಬಿಆರ್ ಎಂದರೆ ಮಾಲು ಬಳಕೆಗೆ ಹೋಗುತ್ತಿದೆ. ಕೊನೆಯ 3000 ಆ ಮೆಟೀರಿಯಲ್‌ನ ವ್ಯಾಲ್ಯುಯೇಶನ್ ಕ್ಲಾಸ್, ಲೆಕ್ಕದ ಮಟ್ಟಿಗೆ ಅದು ಸೇರುವ ವರ್ಗ. ಈ ಐದೂ ಸೇರುವ ಕಡೆ ಜಿಎಲ್ (ಜನರಲ್ ಲೆಡ್ಜರ್) ಅಕೌಂಟ್ ಇಟ್ಟಿಲ್ಲ, ಅಷ್ಟೇ.

ಇಲ್ಲೇ ಹೆಚ್ಚಿನವರು ಆತುರ ಪಡುತ್ತಾರೆ. ಈ ಅಕೌಂಟ್‌ಗಳನ್ನು ಇಡುವ ಓಬಿವೈಸಿ ತೆರೆದು ಒಂದು ಸಾಲು ಸೇರಿಸಿಬಿಡುತ್ತಾರೆ. ಎರರ್ ಹೋಗುತ್ತದೆ ನಿಜ, ಆದರೆ ಖರ್ಚು ತಪ್ಪು ಅಕೌಂಟ್‌ಗೆ ಬೀಳಬಹುದು. ಯಾಕೆಂದರೆ ಸಾಲು ಬಿಟ್ಟುಹೋಗಿರದೆ, ಮೆಟೀರಿಯಲ್‌ಗೇ ತಪ್ಪು ವ್ಯಾಲ್ಯುಯೇಶನ್ ಕ್ಲಾಸ್ ಕೊಟ್ಟಿರಬಹುದು. ಹಾಗಾಗಿ ಮೆಟೀರಿಯಲ್‌ನ ವಿವರ ತೋರಿಸುವ ಎಂಎಂ03ಯಲ್ಲಿ ಅಕೌಂಟಿಂಗ್ ವ್ಯೂ ನೋಡಿ. ಅದೇ ಬಗೆಯ ಬೇರೆ ಮೆಟೀರಿಯಲ್‌ಗಳಿಗೆ ಬೇರೆ ಕ್ಲಾಸ್ ಇದ್ದರೆ ತಪ್ಪು ಮಾಸ್ಟರ್ ಡೇಟಾದ್ದು, ಅಂದರೆ ಮೆಟೀರಿಯಲ್‌ನ ಮೂಲ ದಾಖಲೆಯದು. ಆ ಕ್ಲಾಸ್ ಇರಬೇಕಾದದ್ದೇ ಆಗಿದ್ದರೆ ಮಾತ್ರ ಓಬಿವೈಸಿ. ಆಗಲೂ ಯಾವ ಅಕೌಂಟ್ ಎಂದು ಫೈನಾನ್ಸ್‌ನವರೇ ಹೇಳಬೇಕು. ಅದು ಐಟಿಯವರ ತೀರ್ಮಾನವಲ್ಲ, ಅಲ್ವಾ?

ಎಸ್‌ಟಿ22ರಲ್ಲಿ ಡಂಪ್ (ಪ್ರೋಗ್ರಾಂ ಅರ್ಧಕ್ಕೇ ನಿಂತ ದಾಖಲೆ) ಕಂಡರೆ ಸುಮ್ನೆ ಸೆಟ್ಟಿಂಗ್ ತಡಕಾಡಬೇಡಿ. ಸ್ಯಾಪ್‌ನ ಪ್ರೋಗ್ರಾಮಿಂಗ್ ಭಾಷೆ ಎಬಿಎಪಿ ಬಲ್ಲವರಿಗೆ ಕೊಡಿ.

ಇನ್ನು ಸರಿಪಡಿಸುವ ಕೆಲಸ. ಡೆವಲಪ್‌ಮೆಂಟ್ ಸಿಸ್ಟಮ್‌ನಲ್ಲಿ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಬದಲಾವಣೆ ಸಾಗಿಸುವ ಟ್ರಾನ್ಸ್‌ಪೋರ್ಟ್ ರಿಕ್ವೆಸ್ಟ್‌ನಲ್ಲಿ ಕ್ವಾಲಿಟಿಗೆ (ಪರೀಕ್ಷೆಯ ಸಿಸ್ಟಮ್) ಕಳಿಸಿ, ಅದೇ ಎಂಟ್ರಿ ಮತ್ತೆ ಹಾಕಿ ನೋಡಿ. ಸರಿಬಂದರೆ ಪ್ರೊಡಕ್ಷನ್‌ಗೆ, ಅಂದರೆ ನಿತ್ಯ ಕೆಲಸ ನಡೆಯುವ ಸಿಸ್ಟಮ್‌ಗೆ. ಕ್ವಾಲಿಟಿಯಲ್ಲಿ ನಡೆದು ಪ್ರೊಡಕ್ಷನ್‌ನಲ್ಲಿ ನಡೆಯದಿದ್ದರೆ, ರಿಕ್ವೆಸ್ಟ್ ಇಂಪೋರ್ಟ್ ಆಗಿದೆಯೇ ಎಂದು ಎಸ್‌ಟಿಎಂಎಸ್‌ನಲ್ಲಿ ನೋಡಿ. ಆಗಿದ್ದರೆ ಎಸ್‌ಸಿಯು0ದಲ್ಲಿ ಎರಡೂ ಕಡೆಯ ಟೇಬಲ್ ಹೋಲಿಸಿ. ನಂಬರ್ ರೇಂಜ್ (ಡಾಕ್ಯುಮೆಂಟ್‌ಗಳಿಗೆ ಕೊಡುವ ಸಂಖ್ಯೆಗಳ ವ್ಯಾಪ್ತಿ) ವಿಷಯ ಮಾತ್ರ ಬೇರೆ. ಅದು ರಿಕ್ವೆಸ್ಟ್‌ಗೆ ತಾನಾಗಿ ಸೇರುವುದಿಲ್ಲ, ಸಾಮಾನ್ಯವಾಗಿ ಪ್ರೊಡಕ್ಷನ್‌ನಲ್ಲೇ ಕೈಯಾರೆ ಹಾಕುತ್ತಾರೆ.