ಓಮ್ನಿ ಬಿಟ್ಟು ಸೆಕೆಂಡ್ ಹ್ಯಾಂಡ್ ಟ್ರಾವೆಲರ್: ಮನಿಮಂದಿಯೆಲ್ಲಾ ಗಾಡ್ಯಾಗ ಮಲಗೂ ಹಂಗ ಮಾಡಿದ್ದು

ನಾವು ಬಾಗಲಕೋಟಿ ನವನಗರದಾಗ ಇರೋರು, ಮನ್ಯಾಗ ಐದು ಮಂದಿ, ಅವ್ವ, ನಾನು, ನಮ್ಮನಿಯಾಕಿ, ಎರಡು ಹುಡುಗ್ರು. ಮೊದ್ಲ ನಮ್ಮ ಕಡೆ ಮಾರುತಿ ಓಮ್ನಿ ಇತ್ತು, ರಾತ್ರಿ ಸೀಟ್ ಮಡಚಿ ಮ್ಯಾಲ ಪ್ಲೈವುಡ್ ಹಲಗಿ ಹಾಕಿ ಗಾದಿ ಹಾಸಿ ಅದರಾಗ ಕೂಡಲಸಂಗಮ, ಸವದತ್ತಿ, ಗೋಕಾಕ, ಒಂದೊಂದ ಸಲ ಕಾರವಾರದ ತನಕಾನೂ ಹೋಗಿ ಮಲಗಿ ಬರ್ತಿದ್ವಿ. ಹುಡುಗ್ರು ಸಣ್ಣವಿದ್ದಾಗ ಸಾಕಾಗ್ತಿತ್ತು. ಅವು ಉದ್ದ ಆದಮ್ಯಾಲ ಇಬ್ರು ಹೊರಗ ಟೆಂಟ್, ಮೂರು ಮಂದಿ ಒಳಗ ಒತ್ಕೊಂಡು. ಅವ್ವಗ ಮೊಣಕಾಲು ನೋವು, ರಾತ್ರಿ ಏಳಬೇಕಂದ್ರ ಎಲ್ಲಾರನ್ನೂ ಎಬ್ಬಿಸಿ ದಾಟಿ ಇಳೀಬೇಕು, ಅದಕ್ಕಂತ ಆಕಿ ಟ್ರಿಪ್ಪಿನಾಗ ಸಂಜೀಮುಂದ ನೀರ ಕುಡೀತಿದ್ದಿಲ್ಲ. ಅದು ನನಗ ಗೊತ್ತಾದ ದಿನಾನ ದೊಡ್ಡ ಗಾಡಿ ನೋಡೂದು ಖಾತ್ರಿ ಆತು.

ಹಿಂಗಾಗಿ ದೊಡ್ಡ ಗಾಡಿ ಹುಡುಕುವಾಗ ಒಂದ ಕಂಡೀಷನ್ ಇಟ್ಕೊಂಡ್ವಿ. ಅವ್ವ ರಾತ್ರಿ ಎದ್ದು ಯಾರನ್ನೂ ದಾಟದ, ಯಾವ ಹಲಗಿನೂ ಎತ್ತದ, ಬಗ್ಗದ ಟಾಯ್ಲೆಟ್ಟಿಗೆ ಹೋಗಿ ಬಂದು ಮಲಗಬೇಕು. ಇದು ಆಗಲಿಲ್ಲಂದ್ರ ಆ ಗಾಡಿ, ಆ ಪ್ಲಾನ್ ಬ್ಯಾಡ. ಇಷ್ಟ ಇಟ್ಕೊಂಡ್ರ ಅರ್ಧ ಪ್ರಶ್ನಿಗೆ ತಾನ ಉತ್ತರ ಸಿಗತಾವ: ಒಳಗ ನೆಟ್ಟಗ ನಿಂದರೂವಷ್ಟು ಎತ್ರ ಬೇಕು, ಕೂಡೂ ಜಾಗ ಬ್ಯಾರೆ ಮಲಗೂ ಜಾಗ ಬ್ಯಾರೆ ಬೇಕು, ಅಂದ್ರ ಮಾರುತಿ ಈಕೋದಂಥ ಸಣ್ಣ ವ್ಯಾನ್ ಲಿಸ್ಟಿನಿಂದ ಹೋತು, ಉಳದದ್ದು ಫೋರ್ಸ್ ಕಂಪನಿಯ ದೊಡ್ಡ ವ್ಯಾನ್ ಟ್ರಾವೆಲರ್.

ಟ್ರಾವೆಲರ್ ಒಳಗ 3050, 3350, 3700, 4020 ಅಂತ ಬರ್ತಾವ, ಅದು ವೀಲ್‌ಬೇಸ್, ಮುಂದಿನ ಗಾಲಿಯಿಂದ ಹಿಂದಿನ ಗಾಲಿ ತನಕ ಎಷ್ಟು ಮಿಲಿಮೀಟರ್ ಅಂತ. ಎಲ್ಲಾರೂ 4020 ತಗೋ ಆರಾಮ ಆಗತೈತಿ ಅಂದ್ರು. ನಾನು ಯಾವುದ ಗಾಡಿ ನೋಡೂಕಿಂತ ಮೊದ್ಲ ಅಂಗಳದಾಗ ಸುಣ್ಣದ ಗೆರಿ ಹೊಡದು ಗಾಡಿ ಒಳಗಿನ ಅಳತಿ ಪೂರ್ತಿ ಬರದೆ, ಬಾಗಿಲ ಎಲ್ಲೆ, ಗಾಲಿ ಉಬ್ಬು ಎಲ್ಲೆ ಎಲ್ಲಾ. ಆಮ್ಯಾಲ ಎಲ್ಲಾರನ್ನೂ ಚಾಪಿ ಹಾಸಿ ಅದರಾಗ ಮಲಗಸಿದೆ. ಬಾಜೂ ಮನ್ಯಾವ್ರು ನಿಂತು ನೋಡಾಕತ್ತಿದ್ರು, ನೋಡ್ಲಿ, ಆದ್ರ ಒಂದ ಸಂಜ್ಯಾಗ ನಮಗ ಗೊತ್ತಾತು 3050, 3350 ಒಳಗ ಐದು ಮಂದಿಗೆ ಕಾಯಂ ಹಾಸಿಗಿ ಕೂಡಂಗಿಲ್ಲ, 3700 ಒಳಗ ಕೂಡತಾವ, 4020 ಬೇಕಾಗಂಗಿಲ್ಲ, ಅದನ್ನ ತಗೊಂಡ್ರ ಬಾದಾಮಿ ಊರೊಳಗ, ಘಾಟಿನ ಹೇರ್‌ಪಿನ್ ತಿರುವಿನಾಗ ಸುಮ್ನ ತ್ರಾಸು. ಇನ್ನೊಂದು, ಗಾಡಿ ಅಗಲ ಹೊರಗಿಂದ ಎರಡು ಮೀಟರ್ ಮ್ಯಾಲ ಚೂರು ಇದ್ರೂ ಒಳಗ ಇನ್ಸುಲೇಷನ್, ಪ್ಲೈ ಹೊಡದಮ್ಯಾಲ ಆರಡಿ ಆಳು ಅಡ್ಡ ಕಾಲ ಚಾಚಾಕ ಆಗಂಗಿಲ್ಲ. ಅದಕ್ಕ ನಮ್ಮ ಪ್ಲಾನ್ ಹಿಂಗ: ಡ್ರೈವರ್ ಹಿಂದ ಕಂಪನಿ ಸೀಟ್ ಬೆಲ್ಟ್ ಸಮೇತ ಹಂಗ ಇಟ್ವಿ, ಬಾಗಿಲ ಹತ್ರ ಅವ್ವನ ಹಾಸಿಗಿ ಉದ್ದಕ್ಕ, ಎದುರಿಗೆ ಟಾಯ್ಲೆಟ್ ಮೂಲಿ, ಹಿಂದ ನಾವಿಬ್ರು ಉದ್ದಕ್ಕ, ನಮ್ಮ ಮ್ಯಾಲ ಹುಡುಗ್ರು. ಗಾಡಿ ಓಡೂವಾಗ ಮಾತ್ರ ಯಾರೂ ಹಾಸಿಗಿ ಮ್ಯಾಲ ಇರಂಗಿಲ್ಲ, ಎಲ್ಲಾರೂ ಸೀಟಿನ್ಯಾಗ ಬೆಲ್ಟ್ ಹಾಕ್ಕೊಂಡ. ಬ್ರೇಕ್ ಹೊಡದ್ರ ಮಲಗಿದಾಂವ ಸೀದಾ ಮುಂದ ಬರ್ತಾನ.

ಗಾಡಿ ಹುಡುಕೂದು ತಿಂಗಳಗಟ್ಟಲೆ ನಡೀತು. ಸೊಲ್ಲಾಪುರ, ಸಾಂಗ್ಲಿ ಕಡೆ ಎಂಎಚ್ ಪಾಸಿಂಗ್, ಅಂದ್ರ ಮಹಾರಾಷ್ಟ್ರ ನಂಬರಿನ ಗಾಡಿ ಸೋವಿ ಕಾಣ್ತಾವ, ಆದ್ರ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28 ಎನ್‌ಒಸಿ (ಅಡ್ಡಿಯಿಲ್ಲ ಅನ್ನೂ ಪತ್ರ), ಇಲ್ಲಿ ಬಂದಮ್ಯಾಲ ನಮ್ಮ ರಾಜ್ಯದ ಟ್ಯಾಕ್ಸ್, 12 ತಿಂಗಳ ಮೀರಿ ಇಟ್ಕೊಳ್ಳೂದಾದ್ರ ಹೊಸ ಕೆಎ ನಂಬರ್, ಎಲ್ಲಾ ಲೆಕ್ಕ ಹಾಕಿದ್ರ ಸೋವಿ ಅನ್ನೂದು ಉಳ್ಯಾಂಗಿಲ್ಲ. ನಾವು ಕಡೀಕ ವಿಜಯಪುರದಾಗ ಕೆಎ 28 ಪಾಸಿಂಗ್ ಗಾಡಿ ತಗೊಂಡ್ವಿ, ಬಾಡಿಗಿಗೆ ಓಡಿದ್ದು. ಹಳದಿ ಬೋರ್ಡ್ ಇದ್ರ ಪರ್ಮಿಟ್ ಸರೆಂಡರ್ ಮಾಡಿದ್ದು, ಟ್ಯಾಕ್ಸ್ ಬಾಕಿ ಇಲ್ಲದ್ದು, ಬ್ಯಾಂಕ್ ಸಾಲ ತೀರಿದ ಫಾರ್ಮ್ 35, ಇವು ಮೂರೂ ಕೈಗೆ ಬರೂತನಕ ಪೂರ್ತಿ ರೊಕ್ಕ ಕೊಡಬ್ಯಾಡ್ರಿ. ಹೆಸರ ಬದಲಿಗೆ 29, 30 ಫಾರ್ಮ್ ಎಲ್ಲಾರಿಗೂ ಗೊತ್ತಿದ್ದದ್ದ.

ಹಳೇ ಗಾಡಿ ಯಾವುದ ಇರ್ಲಿ, ಎಂಜಿನ್ ರಿಪೇರಿ ಆಗತೈತಿ, ಜಂಗು ಹತ್ತಿದ ಬಾಡಿ ಆಗಂಗಿಲ್ಲ. ನಮ್ಮ ಮಿಸ್ತ್ರಿ ಸ್ಕ್ರೂಡ್ರೈವರ್ ಹಿಡ್ಕೊಂಡು ಗಾಡಿ ಕೆಳಗ ಹೊಕ್ಕು ಚಾಸಿ, ಗಾಲಿ ಉಬ್ಬಿನ ಒಳಗ, ಮೆಟ್ಟಿಲ ಕೆಳಗ ಎಲ್ಲಾ ಕಡೆ ಹಿಡಿಕಿಯಿಂದ ಕುಟ್ಟಿ ಕುಟ್ಟಿ ನೋಡ್ದ, ಒಂದು ಛಲೋ ಫಳಫಳ ಪೇಂಟ್ ಇದ್ದ ಗಾಡಿ ನೋಡಿ "ಅಣ್ಣಾ ಇದು ಬ್ಯಾಡ, ಹೊಸಾ ಬಣ್ಣ ಇಷ್ಟ ದಪ್ಪ ಯಾಕ ಹೊಡದಾರ ವಿಚಾರ ಮಾಡ್ರಿ" ಅಂದ. ಎಂಜಿನ್ ಮುಂಜಾನೆ ಥಂಡಿ ಇದ್ದಾಗ ಸ್ಟಾರ್ಟ್ ಮಾಡ್ಸಿ ಹೊಗಿ ಬಣ್ಣ ನೋಡ್ರಿ, ಮಾಲಕ ಮೊದ್ಲ ಬಿಸಿ ಮಾಡಿ ಇಟ್ಟಿದ್ರ ಇನ್ನೊಂದ ದಿನ ಬರ್ತೀವಿ ಅನ್ರಿ. ಟೈರ್ ಮ್ಯಾಲ ನಾಲ್ಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರ ತಯಾರಾಗಿದ್ದು. ಟೈರಿನ ಟ್ರೆಡ್, ಅಂದ್ರ ಮ್ಯಾಲಿನ ಗೀರು, ಛಲೋ ಇದ್ರೂ ರಬ್ಬರಿಗೆ ವಯಸ್ಸಾದ್ರ ನಮ್ಮ ಬ್ಯಾಸಿಗಿ ರಸ್ತೆ ಮ್ಯಾಲ ತುಂಬಿದ ಗಾಡಿಗೆ ಅದು ಆಗಂಗಿಲ್ಲ. ನಾವು ಎಲ್ಲಾ ಗಾಲಿಗೆ, ಸ್ಟೆಪ್ನಿಗೂ ಹೊಸಾವ ಹಾಕ್ಸಿದ್ವಿ.

ಈಗ ಬಹಳ ಮಂದಿ ಬಿಡೂ ವಿಷಯ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಗಾಡಿ ರೂಪ ಬದಲಿ ಮಾಡೂದಕ್ಕ ಆರ್‌ಟಿಒ ಒಪ್ಪಿಗಿ ಬೇಕು, 2019ರಾಗ ಸುಪ್ರೀಂ ಕೋರ್ಟೂ ಇದನ್ನ ಗಟ್ಟಿ ಮಾಡಿ ಹೇಳೈತಿ. ಸ್ವಂತ ಬಳಕಿ ಕ್ಯಾಂಪರ್ ವ್ಯಾನ್ ಅನ್ನೂದು ಕೇಂದ್ರದ ಪಟ್ಟಿಯೊಳಗ ನಾನ್ ಟ್ರಾನ್ಸ್‌ಪೋರ್ಟ್, ಅಂದ್ರ ಬಾಡಿಗಿಗಲ್ಲದ ಗಾಡಿ ಒಳಗ ಐತಿ, ಮೋಟರ್ ಕ್ಯಾರವಾನ್‌ಗೆ (ಒಳಗ ಮಲಗೂ ವಸ್ತಿ ಇರೂ ಗಾಡಿಗೆ) ಎಐಎಸ್ 124 ಅಂತ ಸುರಕ್ಷತಾ ನಿಯಮಾನೂ ಅದಾವ. ಅದಕ್ಕ ಮೊದ್ಲ ಆರ್‌ಟಿಒಕ್ಕ ಡ್ರಾಯಿಂಗ್ ತಗೊಂಡ ಹೋಗಿ ಕೇಳ್ರಿ, ಆಮ್ಯಾಲ ಕಟಿಂಗ್, ವೆಲ್ಡಿಂಗ್. ಕೆಲಸ ಆದಮ್ಯಾಲ ಆರ್‌ಸಿಯೊಳಗ ಅದು ಬರಬೇಕು, ಇನ್ಶೂರೆನ್ಸಿನಾವ್ರಿಗೂ ಬರದು ತಿಳಿಸಬೇಕು. ಮನಿಮಂದಿ ಎಲ್ಲಾ ಒಂದ ಗಾಡ್ಯಾಗ ಇರ್ತಾರ, ನಾಳೆ ಏನಾರ ಆದ್ರ ಕಾಗದ ಸರಿ ಇಲ್ಲಂತ ಕ್ಲೇಮ್ ನಿಂದರಬಾರ್ದು. ಲೈಸೆನ್ಸ್ ಚಿಂತಿ ಇಲ್ಲ, ಗಾಡಿ ಒಟ್ಟು ತೂಕ 7500 ಕೆಜಿ ಒಳಗ ಇರೂದರಿಂದ ಎಲ್‌ಎಂವಿ, ಅಂದ್ರ ಹಗುರ ಗಾಡಿ ಲೈಸೆನ್ಸ್ ಸಾಕು.

ತೂಕ ಅಂದ್ನಲ್ಲಾ, ಅದನ್ನ ನಾನು ಎರಡು ಸಲ ಕಾಟಾ ಮಾಡ್ಸಿದೆ. ಹಿಂದಿನ ಬ್ಯಾಡಾದ ಸೀಟ್ ತಗದಮ್ಯಾಲ ಖಾಲಿ ಗಾಡಿ ಒಂದ ಸಲ. ಎಲ್ಲಾ ಕೆಲಸ ಮುಗದು ನೀರು, ಡೀಸೆಲ್ ತುಂಬಿ ಐದೂ ಮಂದಿ ಕುಂತು ಇನ್ನೊಂದ ಸಲ, ಮತ್ತ ಹಿಂದಿನ ಗಾಲಿ ಅಷ್ಟ ಕಾಟಾ ಮ್ಯಾಲ ಇಟ್ಟು ಬ್ಯಾರೆ ನೋಡಿದ್ವಿ. ನಮ್ಮ ಭಾಗದಾಗ ಸಕ್ಕರಿ ಕಾರ್ಖಾನಿ, ಸಿಮೆಂಟ್ ಕಾರ್ಖಾನಿ ಇರೂದರಿಂದ ವೇಬ್ರಿಡ್ಜಿಗೆ ಬರ ಇಲ್ಲ, ಐದು ಮಿನಿಟಿನ ಕೆಲಸ. ಜಾಗ ದೊಡ್ಡದಾತು ಅಂತ 19 ಎಂಎಂ ಪ್ಲೈ, ಗ್ರಾನೈಟ್ ಕಟ್ಟಿ ಎಲ್ಲಾ ಹಾಕ್ಸೋರು ಅದಾರ, ಘಾಟ್ ಇಳಿಯೂವಾಗ ಆ ತೂಕ ಬ್ರೇಕ್ ಮ್ಯಾಲ ಬೀಳತೈತಿ. ನಾವು ಹಾಸಿಗಿ ಫ್ರೇಮ್ ಅಲ್ಯೂಮಿನಿಯಂ, ಮ್ಯಾಲ 12 ಎಂಎಂ ಪ್ಲೈ, ನೀರಿನ ಟ್ಯಾಂಕ್ 80 ಲೀಟರ್ ಅಷ್ಟ, ಅಂದ್ರ 80 ಕೆಜಿ, ಅದನ್ನೂ ಎರಡು ಆಕ್ಸಲ್ ನಡುವ ನೆಲಕ್ಕ ಹತ್ತಿ ಇಟ್ವಿ.

ಕರೆಂಟಿನ ಲೆಕ್ಕ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಮೊದ್ಲ ಎಸಿ ಕೇಳ್ತಾರ. ಒಂದು ಟನ್ ಎಸಿ ಹತ್ರ ಹತ್ರ 1000 ವ್ಯಾಟ್ ತಿಂತೈತಿ, ರಾತ್ರಿಯೆಲ್ಲಾ ಓಡಿದ್ರ ಐದಾರು ಯುನಿಟ್. ನಮ್ಮದು 12.8 ವೋಲ್ಟ್ 200 ಎಎಚ್ (ಆಂಪಿಯರ್ ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಪೂರ್ತಿ ಅಂದ್ರ ಎರಡೂವರಿ ಯುನಿಟ್. ಹಂಗಾಗಿ ಎಸಿ ಬಿಟ್ವಿ. 12 ವೋಲ್ಟಿನ ಸಣ್ಣ ಫ್ರಿಜ್ ದಿನಕ್ಕ ಅರ್ಧ ಯುನಿಟ್, ಮೂರು ಸಣ್ಣ ಫ್ಯಾನ್ ರಾತ್ರಿಗೆ ಇನ್ನರ್ಧ ಯುನಿಟ್, ಲೈಟು, ಮೊಬೈಲ್ ಚೂರು. ಮ್ಯಾಲ 200 ವ್ಯಾಟಿನ ಎರಡು ಸೋಲಾರ್ ಪ್ಲೇಟ್ ಅದಾವ, ನಮ್ಮ ಬಿಸಿಲಿಗೆ ದಿನಾ ಅಷ್ಟು ತುಂಬತೈತಿ, ಪ್ಲೇಟಿಗೂ ರೂಫಿಗೂ ನಡುವ ಸಂದು ಬಿಟ್ಟೇವಿ, ಆ ನೆರಳಿನಿಂದ ಒಳಗ ಕಾವು ಕಡಿಮಿ. ಮನಿ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಇಡಾಕ ಹೋಗಬ್ಯಾಡ್ರಿ, ಚಾರ್ಜ್ ಆಗೂವಾಗ ಹೈಡ್ರೋಜನ್ ಬಿಡತೈತಿ, ಮಲಗೂ ಜಾಗದಾಗ ಅದು ಬ್ಯಾಡ. 12 ವೋಲ್ಟಿಗೆ ಆಂಪಿಯರ್ ಭಾಳ ಹರೀತಾವ, ಹಂಗಾಗಿ ವೈರ್ ದಪ್ಪ ಹಾಕ್ಸ್ರಿ, ಬ್ಯಾಟರಿ ಬಾಯಾಗನ ಫ್ಯೂಸ್ ಕೂಡ್ಸ್ರಿ.

ಇಷ್ಟಾದ್ರೂ ಏಪ್ರಿಲ್ ಮೇ ಒಳಗ ವಿಜಯಪುರ ಬಾಗಲಕೋಟಿ ಬಯಲಾಗ 40 ಡಿಗ್ರಿ ದಾಟಿದಾಗ ಗಾಡ್ಯಾಗ ಮಲಗಾಕ ಆಗಂಗಿಲ್ಲ, ನಾವು ಆಗ ದಾಂಡೇಲಿ ಕಡೆ ಹೊಕ್ಕೇವಿ. ಆಲಮಟ್ಟಿ, ಪಟ್ಟದಕಲ್ಲು, ಐಹೊಳೆ ಎಲ್ಲಾ ಚಳಿಗಾಲಕ್ಕ. ಕಾರವಾರಕ್ಕ ನಮಗ ದಾರಿ ಸರಳ, ಗದ್ದನಕೇರಿ ಕ್ರಾಸಿಗೆ ಹೋಗಿ ಎನ್‌ಎಚ್ 52 ಹಿಡದ್ರ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳದು ಅಂಕೋಲಾ. ಘಾಟ್‌ನ್ಯಾಗ ಯಾವ ಗೇರಿನ್ಯಾಗ ಹತ್ತತೀವೋ ಅದ ಗೇರಿನ್ಯಾಗ ಇಳಿಯೂದು, ಬ್ರೇಕ್ ಒತ್ತಿ ಹಿಡಕೊಂಡು ಇಳದ್ರ ಕಾದು ಹಿಡ್ಯಾಂಗಿಲ್ಲ.

ಅಡಿಗಿ ಮನಿ ಸಣ್ಣದು ಸಾಕು, ನಮ್ಮ ಊಟ ಅಂಥಾದ್ದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಒಯ್ದ್ರ ಮೊಸರು, ಕಾಯಿಪಲ್ಲೆ ಅಷ್ಟ ತಗೊಳ್ಳೂದು, ಫ್ರಿಜ್ ಸಣ್ಣದಿದ್ರೂ ನಡೀತೈತಿ. 5 ಕೆಜಿ ಸಿಲಿಂಡರ್ ಒಳಗಿನಿಂದ ಬಂದ್ ಇರೂ ಡಬ್ಬಿಯೊಳಗ ಇಟ್ಟೇವಿ, ಅದರ ತಳಕ್ಕ ಹೊರಗ ತಗದ ತೂತು ಐತಿ, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ಕೆಳಗ ಕೂಡತೈತಿ. ಗ್ಯಾಸ್ ಅಲಾರಂ ಸೈತ ನೆಲದ ಹತ್ರ. ಓಡೂವಾಗ ರೆಗ್ಯುಲೇಟರ್ ಬಂದ್, ಒಲಿ ಹಚ್ಚಿದಾಗ ಕಿಡಕಿ ತೆರದಿರಬೇಕು.

ಟಾಯ್ಲೆಟ್ ಪೋರ್ಟಬಲ್, ಕೆಳಗಿನ ಟ್ಯಾಂಕ್ 20 ಲೀಟರ್, ತಗದು ಒಯ್ದು ಖಾಲಿ ಮಾಡೂ ಹಂಗ. ಪೆಟ್ರೋಲ್ ಬಂಕಿನಾಗ ಕೇಳಿ ಅವ್ರ ಪಾಯಖಾನಿಯೊಳಗ ಹಾಕಿ ತೊಳದು ನೀಟ್ ಮಾಡಿ ಬರ್ತೀವಿ, ಹೊಳಿ ದಂಡಿಗೆ, ಗಟಾರಕ್ಕ ಹಾಕೂದು ನಮ್ಮ ಗಾಡ್ಯಾಗ ಇಲ್ಲ. ಕೃಷ್ಣಾ ನೀರು ಕುಡ್ಯೂ ಮಂದಿ ನಾವು. ಅವ್ವನ ಹಾಸಿಗಿ ತಲಿಕಡೆ ಒಂದು ಹಿಡಿಕಿ ಪೈಪ್, ಕಾಲಕಡೆ ಒಂದು, ನೆಲಕ್ಕ ಸಣ್ಣ ಲೈಟ್ ಪಟ್ಟಿ ರಾತ್ರಿಯೆಲ್ಲಾ ಹತ್ತಿರತೈತಿ, ಅದು ತಿನ್ನೂದು ಒಂದೆರಡು ವ್ಯಾಟ್. ಗಾಡಿಗೆ ಆದಷ್ಟ ರೊಕ್ಕ ಹತ್ರ ಹತ್ರ ಒಳಗಿನ ಕೆಲಸಕ್ಕೂ ಆಗೈತಿ, ಆದ್ರ ಅದರಾಗ ಕಡಿಮಿ ರೇಟಿನ ಈ ಎರಡು ಪೈಪು ಮತ್ತ ಲೈಟ್ ಪಟ್ಟಿನ ನಾ ಎಲ್ಲಾರಿಗೂ ಮೊದ್ಲ ತೋರಸ್ತೀನಿ. ಅವ್ವ ಈಗ ಟ್ರಿಪ್ಪಿನಾಗ ಸಂಜೀಮುಂದ ಚಾ ಕುಡೀತಾಳ, ನೀರೂ ಕುಡೀತಾಳ.

ಮನ್ಯಾಗ ನಿಲ್ಲಿಸಿ ಇಟ್ಟಾಗ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ ಇಡಬ್ಯಾಡ್ರಿ, ಅರ್ಧದಕಿಂತ ಚೂರು ಮ್ಯಾಲ ಸಾಕು, ನೀರಿನ ಟ್ಯಾಂಕ್ ಖಾಲಿ ಮಾಡಿ ಮುಚ್ಚಳ ತಗದಿಡ್ರಿ, ವಾರಕ್ಕೊಮ್ಮೆ ಗಾಡಿ ನಾಕು ಕಿಲೋಮೀಟರ್ ಓಡಿಸ್ರಿ. ಆರ್‌ಟಿಒ ಡ್ರಾಯಿಂಗ್, ಅಳತಿ ಯಾರಿಗಾರ ಬೇಕಿದ್ರ ಕೇಳ್ರಿ, ಕೊಡ್ತೀನಿ.